ಮದಕ್ಕೆ ಮನೆಯೆಲ್ಲಿ? ಆರು ಆಕ್ಷೇಪಗಳಿಗೆ ಒಂದು ಪ್ರತ್ಯುತ್ತರ

ಹಿಂದಿನ ಸಂಚಿಕೆಯ ನನ್ನ 'ಮದ' ಲೇಖನಕ್ಕೆ ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಮೆಚ್ಚಿ ಬರೆದವರಿಗೆ ಒಂದು ನಮಸ್ಕಾರ ಹೇಳಿದರೆ ಸಾಕು. ಬೈದು ಬರೆದವರಿಗೆ ಉತ್ತರ ಕೊಡಲೇಬೇಕು, ಯಾಕೆಂದರೆ ಅವರು ಲೇಖನವನ್ನು ಕೊನೆಯ ಸಾಲಿನವರೆಗೂ ಓದಿದ್ದಾರೆ. ತಮಾಷೆಯೆಂದರೆ ಬೈಗುಳ ಒಂದೇ ದಿಕ್ಕಿನಿಂದ ಬಂದಿಲ್ಲ. ಒಬ್ಬರ ಕಣ್ಣಿಗೆ ನಾನು ಔಷಧ ಕಂಪನಿಗಳ ವಕೀಲ. ಇನ್ನೊಬ್ಬರ ಕಣ್ಣಿಗೆ ಜೀವಶಾಸ್ತ್ರ ಗೊತ್ತಿಲ್ಲದ ಭಾಷಣಕಾರ. ಮೂರನೆಯವರ ಪ್ರಕಾರ ಕುಡುಕರ ಬೆನ್ನು ತಟ್ಟುವವನು.

ಓದದವರಿಗಾಗಿ ಲೇಖನದ ಸಾರವನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಆನೆಗೆ ಏರುವುದೂ ಮದ, ಮದ್ಯ ಕುಡಿದರೆ ಏರುವುದೂ ಮದ, ಅಧಿಕಾರ ಸಿಕ್ಕರೆ ಏರುವುದೂ ಮದ. ಮೊದಲನೆಯದು ದೇಹದೊಳಗೆ ಊರುವ ರಸದ ಕೆಲಸ, ಎರಡನೆಯದು ಹೊರಗಿನಿಂದ ಹೊಟ್ಟೆಗಿಳಿದದ್ದರ ಕೆಲಸ, ಮೂರನೆಯದು ಸುತ್ತಲಿನ ಜನ ಕೊಟ್ಟ ಜಾಗದ ಕೆಲಸ. ಮೂರನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟ ನಮ್ಮ ಭಾಷೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಸರಿಯಾದ್ದನ್ನೇ ಹೇಳಿದೆ ಎಂಬುದು ನನ್ನ ವಾದವಾಗಿತ್ತು. ಹಾರ್ಮೋನು ಒಂದು ಕಾರಣ, ಸಹವಾಸ ಇನ್ನೊಂದು ಕಾರಣ ಎಂದು ಎರಡು ಪಕ್ಷ ಕಟ್ಟಿ ಜಗಳ ಹಚ್ಚುವುದರಲ್ಲಿ ಅರ್ಥವಿಲ್ಲ. ಯಾರ ನಡುವೆ ಇದ್ದೇನೆ, ಅವರಲ್ಲಿ ನನ್ನ ಜಾಗ ಯಾವುದು ಎಂಬ ಲೆಕ್ಕವನ್ನು ದೇಹ ಬರೆದಿಟ್ಟುಕೊಳ್ಳುವ ಖಾತೆ ಪುಸ್ತಕವೇ ಹಾರ್ಮೋನು. ವ್ಯಸನವೂ ಅದೇ ಪುಸ್ತಕದಲ್ಲಿ ಬರೆದ ಸಾಲ.

ಇನ್ನು ಆಕ್ಷೇಪಗಳು, ಒಂದೊಂದಾಗಿ.

ಆಕ್ಷೇಪ 1: "ಹೋರಿಯ ಬೀಜ ಒಡೆದರೆ ಎತ್ತಾಗುತ್ತದೆ. ಇದರಲ್ಲಿ ಸಮಾಜ ಎಲ್ಲಿಂದ ಬಂತು?"

ಪತ್ರ ಬರೆದವರು ವೈದ್ಯರು. ಉದಾಹರಣೆಯನ್ನು ಕೊಟ್ಟಿಗೆಯಿಂದಲೇ ತೆಗೆದುಕೊಂಡಿದ್ದಾರೆ, ಅದಕ್ಕೆ ಮೆಚ್ಚುಗೆ. ಹಾಯುವ ಹೋರಿ ನೇಗಿಲಿಗೆ ಕತ್ತು ಕೊಡುವ ಎತ್ತಾಗುವುದನ್ನು ನಮ್ಮ ರೈತರು ನೂರಾರು ವರ್ಷ ನೋಡಿದ್ದಾರೆ. 1849ರಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ಟೋಲ್ಡ್ ಇದನ್ನೇ ಹುಂಜಗಳ ಮೇಲೆ ಪರೀಕ್ಷಿಸಿದ. ಬೀಜ ತೆಗೆದ ಹುಂಜಗಳ ಜುಟ್ಟು ಬಾಡಿತು, ಕೂಗು ಕ್ಷೀಣಿಸಿತು, ಕಾದಾಟ ನಿಂತಿತು. ತೆಗೆದ ಬೀಜವನ್ನೇ ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಕೂರಿಸಿದಾಗ ಎಲ್ಲವೂ ಮರಳಿತು. ನರಗಳ ಹಳೆಯ ಸಂಬಂಧ ಕಡಿದುಹೋಗಿದ್ದರಿಂದ, ರಕ್ತದಲ್ಲಿ ಹರಿಯುವ ಯಾವುದೋ ರಸದ ಕೆಲಸ ಇದು ಎಂಬುದು ಖಚಿತವಾಯಿತು. ಡಾಕ್ಟರು ಹೇಳಿದ್ದರಲ್ಲಿ ಇಷ್ಟು ಪೂರ್ತಿ ನಿಜ.

ಆದರೆ ಈ ಉದಾಹರಣೆ ಹೇಳುವುದು ರಸ ಬತ್ತಿದರೆ ವರ್ತನೆಯೂ ಬತ್ತುತ್ತದೆ ಎಂದಷ್ಟೇ. ಬತ್ತದಿದ್ದಾಗ ಆ ರಸ ಯಾವಾಗ ಉಕ್ಕಬೇಕು, ಎಷ್ಟು ದಿನ ಉಕ್ಕಬೇಕು, ಯಾರೆದುರು ಅಡಗಬೇಕು ಎಂಬುದನ್ನು ಯಾರು ತೀರ್ಮಾನಿಸುತ್ತಾರೆ? ಅದಕ್ಕೆ ಆನೆಯನ್ನೇ ಕೇಳಬೇಕು.

ಶಿವಮೊಗ್ಗದ ಹತ್ತಿರದ ಸಕ್ರೆಬೈಲು ಆನೆ ಬಿಡಾರಕ್ಕೆ ಹೋಗಿದ್ದಾಗ ಉಳಿದ ಆನೆಗಳೆಲ್ಲ ತುಂಗೆಯ ನೀರಿನಲ್ಲಿ ಬಿದ್ದುಕೊಂಡಿದ್ದರೆ ಒಂದು ಗಂಡಾನೆಯನ್ನು ಮಾತ್ರ ದೂರದ ಮರದಡಿ ಸರಪಳಿ ಹಾಕಿ ನಿಲ್ಲಿಸಿದ್ದರು. ಕಣ್ಣಿಗೂ ಕಿವಿಗೂ ನಡುವೆ, ಕಪೋಲದ ಮೇಲಿಂದ ಬಾಯಿಯ ಕಡೆಗೆ, ಕಪ್ಪಗೆ ಒದ್ದೆಯಾದ ಒಂದು ಗೆರೆ. ನೊಣ ಮುತ್ತಿದ್ದವು. ವರ್ಷಗಟ್ಟಲೆ ಅದರ ಬೆನ್ನ ಮೇಲೇ ಬದುಕಿದ ಮಾವುತ ಸೊಪ್ಪನ್ನು ದೂರದಿಂದ ಎಸೆಯುತ್ತಿದ್ದ. "ಈಗ ನನ್ನ ಮಾತೂ ಅಷ್ಟಕ್ಕಷ್ಟೆ" ಅಂದ. ಆ ಗೆರೆ ಇಳಿಯುವ ದಿನಗಳಲ್ಲಿ ಆನೆಯ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಹಲವು ಪಟ್ಟು ಏರಿರುತ್ತದೆ. ಹಾರ್ಮೋನಿನ ದರ್ಬಾರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈಗ ದಕ್ಷಿಣ ಆಫ್ರಿಕಾದ ಪಿಲಾನೆಸ್‌ಬರ್ಗ್ ಕಾಡಿಗೆ ಬನ್ನಿ. ಕ್ರೂಗರ್ ಕಾಡಿನಲ್ಲಿ ಆನೆಗಳ ಸಂಖ್ಯೆ ತಗ್ಗಿಸಲು ದೊಡ್ಡವನ್ನು ಕೊಂದು, ತಬ್ಬಲಿ ಮರಿಗಳನ್ನು ಇಲ್ಲಿಗೆ ಸಾಗಿಸಿದ್ದರು. ಹಿರಿಯರಿಲ್ಲದೆ ಬೆಳೆದ ಆ ಮರಿಗಳು 1992ರಿಂದ 1997ರೊಳಗೆ ನಲವತ್ತಕ್ಕೂ ಹೆಚ್ಚು ಬಿಳಿ ಘೇಂಡಾಮೃಗಗಳನ್ನು ತಿವಿದು ಕೊಂದವು. ಸಾಮಾನ್ಯವಾಗಿ ಇಪ್ಪತ್ತೈದು ದಾಟಿದ ಮೇಲೆ ಬರುವ ಮದ ಇವಕ್ಕೆ ಹದಿನೆಂಟರ ಸುಮಾರಿಗೇ ಬಂದಿತ್ತು, ಬಂದದ್ದು ಬೇಗ ಇಳಿಯುತ್ತಲೂ ಇರಲಿಲ್ಲ. ಅಧಿಕಾರಿಗಳು ಚುಚ್ಚುಮದ್ದು ಹಾಕಲಿಲ್ಲ, ಬೀಜ ತೆಗೆಯಲಿಲ್ಲ. 1998ರಲ್ಲಿ ಕ್ರೂಗರ್‌ನಿಂದ ಆರು ಹಿರಿಯ ಸಲಗಗಳನ್ನು ತಂದು ಬಿಟ್ಟರು. ಹುಡುಗರ ಮದದ ಅವಧಿ ಕುಗ್ಗಿತು, ಘೇಂಡಾಗಳ ಸಾವು ನಿಂತಿತು. ದೊಡ್ಡ ಸಲಗದೆದುರು ಸೋತು ಹಿಂದೆ ಸರಿದ ಕಿರಿಯ ಆನೆಯ ಮದ ಸ್ವಲ್ಪ ಹೊತ್ತಿನಲ್ಲೇ ಇಳಿದುಹೋಗುವುದನ್ನು ಆಫ್ರಿಕಾದ ಆನೆತಜ್ಞರು ಮೊದಲೇ ಗಮನಿಸಿದ್ದರು.

ಮೀನಿನಲ್ಲೂ ಇದೇ ಕಥೆ. ಟ್ಯಾಂಗನೀಕಾ ಸರೋವರದ ಸಿಕ್ಲಿಡ್ ಮೀನುಗಳಲ್ಲಿ ಸರದಾರ ಗಂಡುಗಳಿಗೆ ಕಡುಬಣ್ಣ, ಉಳಿದ ಗಂಡುಗಳಿಗೆ ಮಂಕುಬಣ್ಣ. ಸ್ಟ್ಯಾನ್‌ಫರ್ಡ್‌ನ ರಸೆಲ್ ಫರ್ನಾಲ್ಡ್ ತಂಡದವರು ಕತ್ತಲಲ್ಲಿ ಸರದಾರನನ್ನು ತೊಟ್ಟಿಯಿಂದ ತೆಗೆದರು. ಬೆಳಕಾದ ಕೆಲವೇ ನಿಮಿಷಗಳಲ್ಲಿ ಮಂಕುಮೀನೊಂದು ಬಣ್ಣ ಏರಿಸಿಕೊಂಡು ಸರದಾರನಾಯಿತು. ಲೈಂಗಿಕ ಹಾರ್ಮೋನುಗಳ ಮೂಲ ಆದೇಶ ಹೊರಡುವ ಅದರ ಮಿದುಳಿನ ಜೀವಕೋಶಗಳಲ್ಲಿ ವಂಶವಾಹಿಗಳು ಚುರುಕಾದವು, ಮುಂದಿನ ದಿನಗಳಲ್ಲಿ ಆ ಕೋಶಗಳೇ ಹಿಗ್ಗಿದವು. ಕುರ್ಚಿ ಖಾಲಿಯಾದದ್ದು ಮೊದಲು, ಹಾರ್ಮೋನು ಏರಿದ್ದು ಆಮೇಲೆ.

ಡಾಕ್ಟರೇ, ಹೋರಿಯ ಬೀಜ ನಿಮ್ಮ ಸಾಕ್ಷಿ, ನಿಜ. ಆ ಬೀಜಕ್ಕೆ ಕೆಲಸ ಹೇಳುವ ಮೇಸ್ತ್ರಿ ಮಂದೆಯಲ್ಲಿದ್ದಾನೆ ಎಂಬುದಷ್ಟೇ ನನ್ನ ವಾದ.

ಆಕ್ಷೇಪ 2: "ಇಲಿಗಳ ಉದ್ಯಾನದ ಪ್ರಯೋಗ ಎಲ್ಲವನ್ನೂ ಹೇಳಿದೆ. ತಪ್ಪು ಪಂಜರದ್ದು, ಮಾದಕ ವಸ್ತುವಿನದ್ದಲ್ಲ."

ಇದು ಎದುರು ದಿಕ್ಕಿನ ಏಟು. ಬರೆದವರು ಸಾಮಾಜಿಕ ಕಾರ್ಯಕರ್ತರು. ಮಾತ್ರೆ, ಆಸ್ಪತ್ರೆ ಎಂದು ನಾನು ಬರೆದದ್ದೇ ಅವರಿಗೆ ದ್ರೋಹವಾಗಿ ಕಂಡಿದೆ.

ಅವರು ನೆನಪಿಸಿದ ಪ್ರಯೋಗ ನಿಜಕ್ಕೂ ಚೆಂದದ್ದು. 1970ರ ದಶಕದ ಕೊನೆಯಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಅಲೆಕ್ಸಾಂಡರ್ ಕೇಳಿದ ಪ್ರಶ್ನೆ ಸರಳ: ಒಂಟಿ ಪಂಜರದ ಇಲಿ ಮಾರ್ಫಿನ್ ಕುಡಿಯುತ್ತದೆ ಸರಿ, ಆದರೆ ಒಂಟಿ ಪಂಜರದಲ್ಲಿ ಅದಕ್ಕೆ ಬೇರೇನು ಕೆಲಸವಿದೆ? ಅವರು ಪಂಜರಕ್ಕಿಂತ ಸುಮಾರು 200 ಪಟ್ಟು ವಿಶಾಲವಾದ ಒಂದು ಪೆಟ್ಟಿಗೆ ಮಾಡಿಸಿದರು. ಗೋಡೆಗೆ ಕಾಡಿನ ಚಿತ್ರ, ನೆಲಕ್ಕೆ ಮರದ ಹೊಟ್ಟು, ಅಡಗಲು ಡಬ್ಬಿಗಳು, ಸುತ್ತ ಗಂಡು ಹೆಣ್ಣು ಇಲಿಗಳ ಸಂಸಾರ. ಕಹಿ ಮುಚ್ಚಲು ಸಕ್ಕರೆ ಬೆರೆಸಿದ ಮಾರ್ಫಿನ್ ನೀರಿಟ್ಟರೂ ಉದ್ಯಾನದ ಇಲಿಗಳು ಒಂಟಿ ಇಲಿಗಳಿಗಿಂತ ಬಹಳ ಕಡಿಮೆ ಕುಡಿದವು.

ಇಲ್ಲಿಗೆ ನಿಲ್ಲಿಸಿದರೆ ಭಾಷಣಕ್ಕೆ ಚಪ್ಪಾಳೆ ಬೀಳುತ್ತದೆ. ಆದರೆ 1990ರ ದಶಕದಲ್ಲಿ ಅದನ್ನೇ ಮತ್ತೆ ಮಾಡಿ ನೋಡಿದಾಗ ಫಲ ಅಷ್ಟು ಸ್ಪಷ್ಟವಾಗಿ ಬರಲಿಲ್ಲ. ಇಲಿಗಳ ತಳಿ ಬದಲಾದದ್ದು ಕಾರಣವಿರಬಹುದು ಎಂಬ ವಿವರಣೆ ಬಂತು. ತಳಿ ಬದಲಾದರೆ ಫಲ ಬದಲಾಗುತ್ತದೆ ಎಂದಾಕ್ಷಣ ದೇಹ ಮತ್ತೆ ಒಳಗೆ ಬಂತಲ್ಲ! ಮನುಷ್ಯರಲ್ಲೂ ಅಷ್ಟೆ. ಅವಳಿಗಳ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದರೆ ಮದ್ಯವ್ಯಸನದ ಒಲವಿನಲ್ಲಿ ಸುಮಾರು ಅರ್ಧ ಪಾಲು ವಂಶದಿಂದ ಬರುತ್ತದೆ. ಒತ್ತಡದ ಹಾರ್ಮೋನಿನದ್ದೂ ಕೈವಾಡವಿದೆ. ಆ ಹಾರ್ಮೋನು ಸುರಿಸುವ ಅಡ್ರಿನಲ್ ಗ್ರಂಥಿಯನ್ನು ತೆಗೆದರೆ ಇಲಿ ಕೊಕೇನಿಗಾಗಿ ಸನ್ನೆಗೋಲು ಒತ್ತುವುದು ನಿಲ್ಲುತ್ತದೆ. ಹೆಣ್ಣಿಲಿಗೆ ಈಸ್ಟ್ರೊಜೆನ್ ಕೊಟ್ಟರೆ ಕೊಕೇನಿನ ಸೆಳೆತ ಏರುತ್ತದೆ.

ಉದ್ಯಾನಕ್ಕಿಂತ ಗಟ್ಟಿಯಾದ ಸಾಕ್ಷಿ ಈಚೆಗೆ ಸಿಕ್ಕಿದೆ. ಅಮೆರಿಕದ ರಾಷ್ಟ್ರೀಯ ಮಾದಕವಸ್ತು ದುರ್ಬಳಕೆ ಸಂಸ್ಥೆಯ ಪ್ರಯೋಗಾಲಯದಲ್ಲಿ ಮಾರ್ಕೊ ವೆನ್ನಿರೊ ಮತ್ತು ಯಾವಿನ್ ಶಹಾಮ್ ಇಲಿಗೆ ಎರಡು ಸನ್ನೆಗೋಲು ಕೊಟ್ಟರು. ಒಂದು ಒತ್ತಿದರೆ ಮೆಥಾಂಫೆಟಮೈನ್, ಇನ್ನೊಂದು ಒತ್ತಿದರೆ ಬಾಗಿಲು ತೆರೆದು ಜೊತೆಗಾರ ಇಲಿ. 2018ರಲ್ಲಿ ಪ್ರಕಟವಾದ ಫಲ ಇದು: ವ್ಯಸನಕ್ಕೆ ಬಿದ್ದ ಇಲಿಗಳೂ ಹೆಚ್ಚುಕಡಿಮೆ ಪ್ರತಿಸಲ ಜೊತೆಗಾರನನ್ನೇ ಆರಿಸಿಕೊಂಡವು. ಆದರೆ ಬಾಗಿಲು ತೆರೆಯುವುದನ್ನು ತಡ ಮಾಡಿದರೆ, ಅಥವಾ ಜೊತೆಗಾರನ ಬಳಿ ಹೋಗುವಾಗ ಕಾಲಿಗೆ ಶಾಕ್ ಕೊಟ್ಟರೆ, ಅವೇ ಇಲಿಗಳು ಮಾದಕದ ಕಡೆ ತಿರುಗಿದವು.

ಕಾರ್ಯಕರ್ತರು ಈ ಕೊನೆಯ ಸಾಲನ್ನು ಎರಡು ಸಲ ಓದಬೇಕು. ಬಾಗಿಲು ಇದ್ದರಷ್ಟೇ ಸಾಲದು. ಅದು ಬೇಗ ತೆರೆಯಬೇಕು, ಒಳಗೆ ಕಾಲಿಟ್ಟವನ ಕಾಲು ಸುಡಬಾರದು. ಮಾದಕದ ರಾಸಾಯನಿಕ ಬಲ ಸುಳ್ಳಾಗಿದ್ದರೆ ತುಸು ತಡವಾದುದಕ್ಕೆ ಇಲಿ ಹಾಗೆ ತಿರುಗುತ್ತಿರಲಿಲ್ಲ.

ಆಕ್ಷೇಪ 3: "ಇಲಿ ಕೋತಿಗಳ ಪುರಾಣದಿಂದ ಮನುಷ್ಯನನ್ನು ಅಳೆಯುತ್ತೀರಾ?"

ಮೂರು ಪತ್ರಗಳಲ್ಲಿ ಇದೇ ಮಾತು. ಒಂದರಲ್ಲಿ ನಾನು ಹಿಂದೆ ಬರೆದಿದ್ದ ಹಣ್ಣುನೊಣದ ಪ್ರಸಂಗವನ್ನು 'ನೊಣ ದೇವದಾಸ' ಎಂದು ಗೇಲಿ ಮಾಡಿದ್ದಾರೆ. ಗೇಲಿ ಚೆನ್ನಾಗಿದೆ. 2012ರ ಆ ಅಧ್ಯಯನದಲ್ಲಿ ಹೆಣ್ಣುಗಳಿಂದ ಮತ್ತೆಮತ್ತೆ ತಿರಸ್ಕೃತವಾದ ಗಂಡುನೊಣಗಳು ಮದ್ಯಸಾರ ಬೆರೆತ ಆಹಾರವನ್ನೇ ಹೆಚ್ಚು ತಿಂದದ್ದು ನಿಜ. ಆಮೇಲೆ ಕೂಡುವ ಅವಕಾಶ ಕೊಟ್ಟಾಗ ಆ ಒಲವು ತಗ್ಗಿತು. ನೊಣದ ಮಿದುಳಿನ ಎನ್.ಪಿ.ಎಫ್. ಎಂಬ ರಸದ ಏರಿಳಿತ ಇದಕ್ಕೆ ಸೇತುವೆ. ನೊಣಕ್ಕೆ ವಿರಹವಿದೆ ಎಂದು ನಾನು ಹೇಳಿಲ್ಲ. ವಿರಹ ಎಂಬ ಪದ ಹುಟ್ಟುವುದಕ್ಕೆ ಬಹಳ ಮುಂಚೆಯೇ ಕೂಟದ ಸುಖಕ್ಕೂ ಮದ್ಯದ ಸುಖಕ್ಕೂ ದೇಹ ಒಂದೇ ತಕ್ಕಡಿ ಇಟ್ಟುಕೊಂಡಿತ್ತು ಎಂದಷ್ಟೇ ಹೇಳಿದ್ದು.

ಆದರೂ ಆಕ್ಷೇಪ ನ್ಯಾಯವಾದದ್ದು. ಇಲಿಗೆ ಸಾಲ ಇಲ್ಲ, ಜಾತಿ ಇಲ್ಲ, ಮಗಳ ಮದುವೆ ಇಲ್ಲ. ಹಾಗಾಗಿ ಮನುಷ್ಯರ ಸಾಕ್ಷಿಗೇ ಬರೋಣ. ವಿಯೆಟ್ನಾಂ ಯುದ್ಧದ ಕೊನೆಗಾಲದಲ್ಲಿ ಅಮೆರಿಕದ ಸಿಪಾಯಿಗಳ ಕೈಗೆ ಹೆರಾಯಿನ್ ಬೀಡಿಯಷ್ಟು ಸಲೀಸಾಗಿ ಸಿಗುತ್ತಿತ್ತು. 1971ರಲ್ಲಿ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಮಾಜವಿಜ್ಞಾನಿ ಹಿಂಬಾಲಿಸಿ ವಿಚಾರಿಸಿದರು. ಐವರಲ್ಲಿ ಒಬ್ಬ ಅಲ್ಲಿ ತಾನು ವ್ಯಸನಿಯಾಗಿದ್ದೆ ಎಂದ. ಇವರೆಲ್ಲ ಊರಿಗೆ ಬಂದು ಬೀದಿಬೀದಿಯಲ್ಲಿ ಬೀಳುತ್ತಾರೆಂದು ಸರಕಾರ ಹೆದರಿತ್ತು. ಅಲ್ಲಿ ವ್ಯಸನಿಗಳಾಗಿದ್ದವರಲ್ಲಿ ಮೊದಲ ವರ್ಷ ಮತ್ತೆ ವ್ಯಸನಕ್ಕೆ ಬಿದ್ದವರು ನೂರಕ್ಕೆ ಸುಮಾರು 5. ಮೂರು ವರ್ಷದ ಲೆಕ್ಕ ಹಿಡಿದರೂ ನೂರಕ್ಕೆ ಸುಮಾರು 12.

ಅದೇ ಮನುಷ್ಯ, ಅದೇ ಮಿದುಳು. ಬದಲಾದದ್ದು ಸುತ್ತಲಿನವರು. ಕಾದು ಕೂತಿದ್ದ ತಾಯಿ, ಕೆಲಸಕ್ಕೆ ಕರೆದ ಮಾಲೀಕ, ಹೆರಾಯಿನ್ ಎಂದರೆ ಮುಖ ತಿರುಗಿಸುವ ಬೀದಿ. ಆದರೆ ಆ ನೂರಕ್ಕೆ 12 ಜನರನ್ನೂ ಮರೆಯಬೇಡಿ. ಊರು ಬದಲಾದರೂ ಅವರ ಹಂಬಲ ಬದಲಾಗಲಿಲ್ಲ. ಎರಡನೇ ಆಕ್ಷೇಪಕ್ಕೆ ನಾನು ಕೊಟ್ಟ ಉತ್ತರಕ್ಕೆ ಅವರೇ ಸಾಕ್ಷಿ.

ಆಕ್ಷೇಪ 4: "ಸಂಗದೋಷದಿಂದ ಸನ್ಯಾಸಿ ಕೆಟ್ಟ. ಕುಡಿಸುವುದೇ ಸಂಗ, ಅದನ್ನೇ ಮದ್ದು ಎನ್ನುತ್ತೀರಿ!"

ನನ್ನನ್ನು ನಿಜವಾಗಿ ಕಟ್ಟಿಹಾಕಿದ ಪತ್ರ ಇದು. ಬರೆದಾಕೆ ಗೃಹಿಣಿ. "ನನ್ನ ಯಜಮಾನರು ಒಬ್ಬರೇ ಕೂತು ಕುಡಿದವರಲ್ಲ. ಕುಡಿಸಿದವರು ಗೆಳೆಯರೇ" ಎಂದು ಬರೆದಿದ್ದಾರೆ. ಹಿಂದಿನ ಲೇಖನದಲ್ಲಿ ಈ ಮಾತನ್ನು ನಾನು ಸರಿಯಾಗಿ ಎದುರಿಸಿರಲಿಲ್ಲ. ತಪ್ಪು ನನ್ನದು.

ಪ್ರೇರಿ ವೋಲ್ ಎಂಬ ಅಮೆರಿಕದ ಹುಲ್ಲುಗಾವಲಿನ ಇಲಿಯೊಂದಿದೆ. ಸಸ್ತನಿಗಳಲ್ಲಿ ಅಪರೂಪವಾದ ಜೋಡಿಬದುಕು ಅದರದ್ದು, ಗಂಡೂ ಹೆಣ್ಣೂ ಒಟ್ಟಿಗೆ ಗೂಡು ಕಟ್ಟಿ ಮರಿ ಸಾಕುತ್ತವೆ. ಬೇರೆ ಇಲಿಗಳಿಗೆ ಮದ್ಯ ಕುಡಿಸಲು ವಿಜ್ಞಾನಿಗಳು ಹೆಣಗುತ್ತಾರೆ, ಇದು ತಾನಾಗಿಯೇ ಧಾರಾಳವಾಗಿ ಕುಡಿಯುತ್ತದೆ. ಆರೆಗಾನ್‌ನ ಆಂಡ್ರೆ ರ‍್ಯಾಬಿನಿನ್ ತಂಡದವರು ನೋಡಿದ್ದು: ಜಾಲರಿಯ ಆಚೆ ಜೊತೆಗಾರ ಇದ್ದಾಗ ಈ ಇಲಿಗಳು ಒಂಟಿಯಾಗಿದ್ದಾಗಿನದಕ್ಕಿಂತ ಹೆಚ್ಚು ಕುಡಿದವು. ತಾಯಿ, ನಿಮ್ಮ ಮಾತಿಗೆ ಪ್ರಯೋಗಾಲಯದ ಮುದ್ರೆ ಬಿತ್ತು.

ಅದೇ ತಂಡ ಮುಂದೆ ಇನ್ನೊಂದನ್ನೂ ಕಂಡಿತು. ಹೆಚ್ಚು ಕುಡಿಯುವ ಇಲಿಯ ಪಕ್ಕದಲ್ಲಿ ಕಡಿಮೆ ಕುಡಿಯುವ ಇಲಿಯನ್ನು ಇಟ್ಟಾಗ, ಕೆಲವು ಕುಡುಕ ಇಲಿಗಳು ಜೊತೆಗಾರನ ಮಟ್ಟಕ್ಕೆ ಇಳಿದವು. ಎಲ್ಲವೂ ಅಲ್ಲ, ಕೆಲವು. ಇನ್ನು ಕೆಲವು ಯಾರಿದ್ದರೂ ಜಗ್ಗಲಿಲ್ಲ. ಗಾದೆ ಒಪ್ಪಿದ್ದು ಇದನ್ನೇ. ಸಂಗಕ್ಕೆ ಸನ್ಯಾಸಿಯನ್ನು ಕೆಡಿಸುವಷ್ಟು ಬಲವಿದ್ದರೆ ಕೆಟ್ಟವನನ್ನು ಎತ್ತುವ ಬಲವೂ ಅಲ್ಲಿಯೇ ಇರಬೇಕು.

ಸಂಬಂಧ ಮತ್ತು ಮಾದಕ ಪರಸ್ಪರ ತಳ್ಳಾಡುವುದಕ್ಕೂ ಇದೇ ಇಲಿ ಸಾಕ್ಷಿ. ಜೋಡಿಯಾಗುವ ಮೊದಲು ಆಂಫೆಟಮೈನ್ ರುಚಿ ಹತ್ತಿಸಿದರೆ ಅದು ಜೋಡಿ ಕಟ್ಟಲು ಸೋಲುತ್ತದೆ. ಮೊದಲೇ ಜೋಡಿ ಕಟ್ಟಿದ ಗಂಡಿಗೆ ಅದೇ ಆಂಫೆಟಮೈನ್ ಸಪ್ಪೆಯಾಗುತ್ತದೆ. ಜುಯೊಕ್ಸಿನ್ ವಾಂಗ್ ತಂಡ ಎರಡನ್ನೂ ತೋರಿಸಿದೆ. ಎರಡೂ ನಡೆಯುವುದು ಮಿದುಳಿನ ಒಂದೇ ಪುಟ್ಟ ಭಾಗದಲ್ಲಿ, ಡೋಪಮೈನ್ ಎಂಬ ಒಂದೇ ರಸದ ಮೂಲಕ. ಒಂದೇ ಖುರ್ಚಿಗೆ ಇಬ್ಬರು ಅಭ್ಯರ್ಥಿಗಳು, ಮೊದಲು ಕೂತವನು ಎರಡನೆಯವನನ್ನು ಹತ್ತಿರ ಬಿಡುವುದಿಲ್ಲ. ಕುಡುಕ ಗಂಡ ಮನೆಯವರಿಗೆ ದೂರವಾಗುವುದು ಬರೀ ದುಷ್ಟತನದಿಂದಲ್ಲ ಎಂದು ನಾನು ಬರೆದದ್ದು ಈ ಅರ್ಥದಲ್ಲಿ. ಇದು ನಿಮ್ಮ ನೋವನ್ನು ಕಡಿಮೆ ಮಾಡುವುದಿಲ್ಲ ಎಂಬುದೂ ನನಗೆ ಗೊತ್ತು.

ಆಕ್ಷೇಪ 5: "ಅಷ್ಟು ಗೊತ್ತಿದ್ದರೆ ಆಕ್ಸಿಟೋಸಿನ್ ಕೊಟ್ಟುಬಿಡಿ. ಪ್ರೀತಿಯ ಹಾರ್ಮೋನು ಒಳಗೆ ಹೋದರೆ ಚಟ ಹೊರಗೆ ಹೋಗುತ್ತದೆ."

ಈ ಪತ್ರ ಬರೆದ ಯುವಕರಿಗೆ ವಿಜ್ಞಾನದ ಮೇಲೆ ನನಗಿಂತ ಹೆಚ್ಚು ಭರವಸೆ. ಆಕ್ಸಿಟೋಸಿನ್ ಪರಿಚಯ ನಮ್ಮ ಹೈನುಗಾರರಿಗೆ ಹಳೆಯದು. ಹಾಲು ಬಿಡದ ಎಮ್ಮೆಗೆ ಕದ್ದುಮುಚ್ಚಿ ಚುಚ್ಚುವ ಇಂಜೆಕ್ಷನ್ ಅದೇ. ಈ ದುರ್ಬಳಕೆ ತಡೆಯಲು 2018ರಲ್ಲಿ ಕೇಂದ್ರ ಸರಕಾರ ಖಾಸಗಿ ತಯಾರಿಕೆ ನಿಷೇಧಿಸಿ, ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆಗೆ ಮಾತ್ರ ತಯಾರಿಸಲು ಬಿಡಲು ಹೊರಟಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು ಬೇಕೇಬೇಕಾದ ಔಷಧ ಅದು.

ಇಂಜೆಕ್ಷನ್ ಇಲ್ಲದ ಕೊಟ್ಟಿಗೆಗೆ ಒಮ್ಮೆ ಹೋಗಿ ನೋಡಿ. ಕರು ಬಿಟ್ಟು, ಅದು ಕೆಚ್ಚಲಿಗೆ ತಲೆ ಗುದ್ದಿ ಬಾಯಿಟ್ಟರೆ ಒಂದೆರಡು ನಿಮಿಷದಲ್ಲಿ ಹಸು ಹಾಲಿಳಿಸುತ್ತದೆ. ದಿನಾ ಕರೆಯುವ ಅಜ್ಜಿಯ ಸೆರಗಿನ ವಾಸನೆಗೂ ಇಳಿಸುತ್ತದೆ. ಅಜ್ಜಿ ಊರಿಗೆ ಹೋದ ದಿನ ಹೊಸಬರು ಚೊಂಬು ಹಿಡಿದು ಕೂತರೆ ಎಷ್ಟು ಎಳೆದರೂ ಬಿಡುವುದಿಲ್ಲ, ಕಾಲು ಝಾಡಿಸುತ್ತದೆ. ಕೆಚ್ಚಲು ಅದೇ, ಹಾಲು ಅದೇ. ಪಕ್ಕದಲ್ಲಿ ಯಾರಿದ್ದಾರೆ ಎಂಬುದನ್ನು ನೋಡಿಕೊಂಡು ಆಕ್ಸಿಟೋಸಿನ್ ಹರಿಯುತ್ತದೆ. ಹೆದರಿಕೆಯಾದರೆ ಅಡ್ರಿನಲಿನ್ ಅದರ ದಾರಿ ಕಟ್ಟುತ್ತದೆ.

ಪ್ರೇರಿ ವೋಲ್‌ಗಳ ಜೋಡಿಬದುಕಿಗೆ, ಜೀವಕೋಶದ ಮೇಲೆ ಕೂತು ಆಕ್ಸಿಟೋಸಿನ್ ಹಿಡಿದುಕೊಳ್ಳುವ ಗ್ರಾಹಕವೇ ಬೀಗದ ಕೈ ಎಂದು ಮೂರು ದಶಕ ನಂಬಿದ್ದೆವು. ಅದಕ್ಕೆ ಒಳ್ಳೆಯ ಆಧಾರವೂ ಇತ್ತು. 2023ರಲ್ಲಿ ದೇವಾನಂದ್ ಮನೋಲಿ ಮತ್ತು ಸಂಗಡಿಗರು ಆ ಗ್ರಾಹಕದ ವಂಶವಾಹಿಯನ್ನೇ ಕತ್ತರಿಸಿ ತೆಗೆದ ವೋಲ್‌ಗಳನ್ನು ಬೆಳೆಸಿದರು. ಅವೂ ಜೋಡಿ ಕಟ್ಟಿದವು, ಮರಿ ಹಾಕಿದವು. ಹುಟ್ಟಿನಿಂದಲೇ ಒಂದು ದಾರಿ ಮುಚ್ಚಿದಾಗ ದೇಹ ಇನ್ನೊಂದನ್ನು ಹುಡುಕಿಕೊಂಡಿರಬೇಕು. ಪ್ರೀತಿ ಎಂಬುದು ಒಂದು ಸೀಸೆಯಲ್ಲಿ ಹಿಡಿಯುವ ಪದಾರ್ಥವಲ್ಲ ಎನ್ನಲು ನನಗೆ ಕವಿತೆ ಬೇಕಿಲ್ಲ, ಈ ಇಲಿ ಸಾಕು. ಇಂಜೆಕ್ಷನ್ ಚುಚ್ಚಿ ಹಾಲು ಇಳಿಸಬಹುದು. ಹಸುವಿಗೆ ನಿಮ್ಮ ಮೇಲೆ ನಂಬಿಕೆ ಬರಿಸಲಾಗದು.

ಆಕ್ಷೇಪ 6: "ಒಂದೇ ಬೀದಿ, ಒಂದೇ ಬಡತನ. ಒಬ್ಬ ಕುಡಿದ, ಒಬ್ಬ ಕುಡಿಯಲಿಲ್ಲ. ಇದು ಇಚ್ಛಾಶಕ್ತಿಯ ಮಾತು. ನೀವು ಹೊಣೆಗೇಡಿತನಕ್ಕೆ ಸರ್ಟಿಫಿಕೇಟ್ ಕೊಡುತ್ತಿದ್ದೀರಿ."

ನಿವೃತ್ತ ಮೇಷ್ಟ್ರು. ಅಕ್ಷರ ಮುತ್ತಿನಂತಿದೆ, ಮಾತು ಚಾಟಿಯಂತಿದೆ. ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಅತ್ಯಂತ ಹತ್ತಿರದ ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಮೈಕೆಲ್ ನೇಡರ್ ತಂಡದವರು ಇಪ್ಪತ್ತು ಗಂಡು ಕೋತಿಗಳನ್ನು ಮೊದಲು ಒಂಟಿಯಾಗಿ ಇಟ್ಟು ಮಿದುಳಿನ ಚಿತ್ರ ತೆಗೆದರು. ಡೋಪಮೈನಿನ ಡಿ2 ಗ್ರಾಹಕಗಳಲ್ಲಿ ವ್ಯತ್ಯಾಸವಿರಲಿಲ್ಲ. ಆಮೇಲೆ ನಾಲ್ಕು ನಾಲ್ಕರ ಗುಂಪು ಮಾಡಿದರು. ಪ್ರತಿ ಗುಂಪಿನಲ್ಲೂ ಒಬ್ಬ ಯಜಮಾನನಾದ, ಒಬ್ಬ ಎಲ್ಲರಿಂದ ಒದೆ ತಿನ್ನುವವನಾದ. ಮೂರು ತಿಂಗಳ ಮೇಲೆ ಮತ್ತೆ ಚಿತ್ರ ತೆಗೆದಾಗ ಯಜಮಾನ ಕೋತಿಗಳ ಡಿ2 ಗ್ರಾಹಕ ನೂರಕ್ಕೆ ಇಪ್ಪತ್ತರಷ್ಟು ಏರಿತ್ತು, ಕೆಳಗಿನವರದ್ದು ಇದ್ದಲ್ಲೇ ಇತ್ತು. ಎಲ್ಲರೆದುರೂ ಕೊಕೇನ್ ಇಟ್ಟಾಗ ಕೆಳಗಿನ ಕೋತಿಗಳು ಅದಕ್ಕೆ ಬಿದ್ದವು, ಯಜಮಾನರು ಅಷ್ಟಾಗಿ ಬೀಳಲಿಲ್ಲ.

ಒಂದೇ ಕೋಣೆ, ಒಂದೇ ಊಟ, ಒಂದೇ ಕೊಕೇನ್. ಹೊರಗಿನಿಂದ ನೋಡಿದವನು ಯಜಮಾನ ಕೋತಿಯ ಇಚ್ಛಾಶಕ್ತಿಯನ್ನು ಹೊಗಳುತ್ತಿದ್ದ. ಒಂದೇ ಬೀದಿಯಲ್ಲಿ ಇಬ್ಬರಿಗೂ ಒಂದೇ ಜಾಗವಿರುವುದಿಲ್ಲ ಮೇಷ್ಟ್ರೇ. ಆದರೆ ದೀರ್ಘಕಾಲ ಕೊಕೇನ್ ಸಿಕ್ಕ ಮೇಲೆ ಮೇಲಿನವರ ಈ ಅನುಕೂಲವೂ ಅಳಿಸಿಹೋಯಿತು. ಸಮಾಜ ಕೊಟ್ಟ ಕವಚವನ್ನು ಮಾದಕ ತಿಂದುಹಾಕಬಲ್ಲದು.

ಇನ್ನು ಹೊಣೆಯ ಮಾತು. ನನ್ನ ಸೋದರಮಾವನ ಕಥೆ ಹೇಳುತ್ತೇನೆ. ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿ, ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್, ಚೂರು ಉಪ್ಪಿನಕಾಯಿ. ಸಂಜೆ ಆರಾದರೆ ಅವನಿಗೆ ಅಲ್ಲೇ ಹಾಜರಿ. ಮೊದಲ ಸಲ ಅವನು ನೀವು ಹೇಳುವ ದಾರಿಯಲ್ಲೇ ಬಿಟ್ಟ. ಊರ ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದ. ಮೂರನೇ ದಿನ ಕೈ ನಡುಕ, ಗೋಡೆಯ ಮೇಲೆ ಇರುವೆ ಹರಿಯುತ್ತಿದೆ ಎಂಬ ಕೂಗಾಟ, ಆಮೇಲೆ ಫಿಟ್ಸ್. ವರ್ಷಗಟ್ಟಲೆ ವಿಪರೀತ ಕುಡಿದವರು ವೈದ್ಯರ ಕಣ್ಗಾವಲಿಲ್ಲದೆ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು. ಅವನ ಇಚ್ಛಾಶಕ್ತಿಗೆ ಏನೂ ಆಗಿರಲಿಲ್ಲ, ಅವನ ನರಗಳಿಗೆ ಆಗಿತ್ತು.

ಎರಡನೇ ಸಲ ಆಸ್ಪತ್ರೆ, ಮಾತ್ರೆ. ನಾಲ್ಕು ತಿಂಗಳು ಸರಿಯಿದ್ದ. ಆದರೆ ಸಂಜೆ ಆರಕ್ಕೆ ಹೋಗಲು ಅವನಿಗೆ ಆ ಅಂಗಡಿ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಮನೆಯಲ್ಲಿದ್ದರೆ ಹಳೆಯ ಲೆಕ್ಕ ತೆಗೆಯುತ್ತಿದ್ದರು. ವೆನ್ನಿರೊ ಇಲಿಗಳ ಕಾಲಿಗೆ ಕೊಟ್ಟ ಶಾಕ್ ನೆನಪಿದೆಯಲ್ಲ?

ಮೂರನೇ ಸಲ ಮಾತ್ರೆಯ ಜೊತೆಗೆ ಅತ್ತೆ ಇನ್ನೊಂದು ಕೆಲಸ ಮಾಡಿದಳು. ಊರಿನ ಹಾಲಿನ ಡೇರಿಯ ಕಾರ್ಯದರ್ಶಿಯ ಕೈಕಾಲು ಹಿಡಿದು ಸಂಜೆ ಹಾಲು ಅಳೆಯುವ ಕೆಲಸಕ್ಕೆ ಅವನನ್ನು ಸೇರಿಸಿದಳು. ಐದೂವರೆಯಿಂದ ಏಳೂವರೆ. ಹೆಂಗಸರು ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. "ನನ್ನ ಹಾಲಿಗೆ ಇವತ್ತು ಡಿಗ್ರಿ ಯಾಕೆ ಕಮ್ಮಿ ಬರೆದೆ?" ಎಂದು ಜಗಳಕ್ಕೆ ಬರುತ್ತಾರೆ. ಊರಿಗೆ ಊರೇ ಬೈಯುತ್ತಿದ್ದವನ ಬಳಿ ಈಗ ಊರಿಗೆ ಊರೇ ಲೆಕ್ಕ ಕೇಳುತ್ತದೆ. ಆರು ವರ್ಷವಾಯಿತು. ಅವನ ಮಿದುಳಿನ ಚಿತ್ರ ಯಾರೂ ತೆಗೆದಿಲ್ಲ. ಒಬ್ಬನ ಕಥೆ ಪುರಾವೆಯಾಗುವುದೂ ಇಲ್ಲ. ನೇಡರ್ ಕೋತಿಗಳ ವರದಿ ಓದುವಾಗ ಮಾತ್ರ ನನಗೆ ಡೇರಿಯ ಆ ಸಾಲು ಕಣ್ಣಿಗೆ ಕಟ್ಟಿತು.

ಇದರಲ್ಲಿ ಅವನ ಹೊಣೆ ಇಲ್ಲವೆಂದು ನಾನು ಹೇಳುವುದಿಲ್ಲ. ಪ್ರತಿದಿನ ಮಾತ್ರೆ ನುಂಗಿದವನು ಅವನು, ಬಸ್‌ಸ್ಟ್ಯಾಂಡ್ ದಾಟಿ ಡೇರಿಗೆ ನಡೆದವನು ಅವನು. ಆದರೆ ನಡೆದು ಸೇರಲು ಒಂದು ಡೇರಿ ಇತ್ತು. 2019ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಹೊರತಂದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯದಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ಸುಮಾರು 5.7 ಕೋಟಿ. ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ. ಉಳಿದ 37 ಜನಕ್ಕೆ ನಾವು ಕೊಟ್ಟದ್ದು ಬುದ್ಧಿವಾದ.

ಮೇಷ್ಟ್ರೇ, ನಿಮ್ಮ ಊರಿನಲ್ಲೂ ಇಂಥವನೊಬ್ಬ ಇರುತ್ತಾನೆ. ಅವನಿಗೆ ಬುದ್ಧಿ ಹೇಳುವ ಮೊದಲು ಎರಡು ವಿಷಯ ವಿಚಾರಿಸಿ. ಡಾಕ್ಟರ ಹತ್ತಿರ ಯಾರಾದರೂ ಕರೆದುಕೊಂಡು ಹೋಗಿದ್ದಾರೆಯೆ? ಸಂಜೆ ಆರಕ್ಕೆ ಅವನು ಹೋಗಿ ಕೂರಲು ಊರಿನಲ್ಲಿ ಎಲ್ಲಿ ಜಾಗವಿದೆ?